ಹೊತ್ತಾಯ್ತು, ಬರ್ತೀನಿ

ಸಾಫ್ಟ್‌ವೇರ್ ಕಂಪನಿಗಳೇ ತುಂಬಿದ ಓವರ್‌ಲೇಕ್ ಕಡೆಯ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ನನಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: "ನೀವು ಯಾವ ಟೀಮು?" ಸಾಫ್ಟ್‌ವೇರಿನವಳಲ್ಲ, ವಕೀಲೆ ಎಂದರೆ ಮುಖ ಅರಳುತ್ತದೆ, ವೀಸಾ ವಕೀಲೆ ಇರಬೇಕೆಂದು. ಅಲ್ಲ, ಪೆಟ್ರೋಲಿಯಂ ಕಾನೂನು ಬರೆಯುವವಳು ಎಂದರೆ ಅರಳಿದ್ದು ಹಾಗೇ ಮುದುಡುತ್ತದೆ. "ಓ, ಪೆಟ್ರೋಲ್ ಬಂಕಾ?" ಎಂದವರೂ ಇದ್ದಾರೆ. ಮೈಸೂರಿನಲ್ಲಿ ಕಾನೂನು ಓದಿ, ಕರ್ಕ್‌ಲ್ಯಾಂಡಿನ ಸರೋವರದ ದಂಡೆಯಲ್ಲಿ ಕೂತು, ಕಣ್ಣಲ್ಲಿ ಕಂಡಿರದ ದೇಶಗಳಿಗೆ ಎಣ್ಣೆಯ ಕಾನೂನು ಬರೆಯುವ ಹೆಂಗಸನ್ನು ಇನ್ನೇನು ತಾನೆ ಕೇಳಿಯಾರು? "ಹೌದು, ಬಂಕೇ. ಗಾಳಿ ಕಮ್ಮಿ ಆದ್ರೆ ಬನ್ನಿ, ಫ್ರೀಯಾಗಿ ಹಾಕ್ಕೊಡ್ತೀನಿ" ಎಂದು ನಾನೂ ತಟ್ಟೆ ಹಿಡಿದು ಮುಂದಕ್ಕೆ ಹೋಗಿಬಿಡುತ್ತೇನೆ.

ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆಫ್ರಿಕಾದಲ್ಲಿ ಒಂದಕ್ಕೊಂದು ಅಂಟಿಕೊಂಡ ನಾಲ್ಕು ದೇಶಗಳಿವೆ ಎಂದುಕೊಳ್ಳಿ. ಹೆಸರು ಹೇಳುವಂತಿಲ್ಲ, ಕೆಲಸಕ್ಕೆ ಸೇರುವಾಗಲೇ ನನ್ನ ಬಾಯಿಗೆ ಬೀಗ ಹಾಕಿದ್ದಾರೆ. ಅವುಗಳಲ್ಲಿ ಎರಡು ಈ ಕಥೆಗೆ ಬೇಕು. ಎಣ್ಣೆ ಸಿಕ್ಕಿರುವುದು ಗುಡ್ಡದ ಮೇಲಿನ ದೇಶದಲ್ಲಿ, ಬಂದರು ಇರುವುದು ಕೆಳಗಿನ ದೇಶದಲ್ಲಿ. ಎಣ್ಣೆ ಟ್ಯಾಂಕರುಗಳಲ್ಲಿ ಮೇಲಿನಿಂದ ಕೆಳಗೆ ಹೋಗಬೇಕು. ಆದರೆ ಒಂದೊಂದು ದೇಶಕ್ಕೂ ಒಂದೊಂದು ಕಾನೂನು. ಮೇಲಿನವರು ಸರಿ ಎಂದ ವಾಲ್ವು ಕೆಳಗಿನವರಿಗೆ ಅಪರಾಧ. ಕೆಳಗಿನವರು ಕಡ್ಡಾಯ ಮಾಡಿದ ತರಬೇತಿಯ ಹೆಸರನ್ನೂ ಮೇಲಿನವರು ಕೇಳಿಲ್ಲ. ಈ ಕಾನೂನುಗಳನ್ನೆಲ್ಲ ಮುಂದಿಟ್ಟುಕೊಂಡು, ನೆರೆಹೊರೆಯವರೆಲ್ಲ ಒಪ್ಪುವ ಒಂದೇ ಕಾನೂನಿನ ಕರಡು ಮಾಡುವುದು ನಮ್ಮ ಪುಟ್ಟ ಸಂಸ್ಥೆಯ ಕೆಲಸ. ಇದಕ್ಕೆ ಹೊಂದಾಣಿಕೆ ಎಂದು ಹೆಸರು. ನಮ್ಮ ಕಡೆ ಮದುವೆ ಕುದುರಿಸುವವರೂ ಇದೇ ಮಾತು ಆಡುತ್ತಾರೆ, ಕಷ್ಟವೂ ಹೆಚ್ಚುಕಡಿಮೆ ಅಷ್ಟೇ.

ಕೌಸಲ್ಯಾ ನನಗೆ ಸಿಕ್ಕಿದ್ದು 2013ರ ಬೇಸಿಗೆಯಲ್ಲಿ, ಪಕ್ಕದ ಊರಾದ ನ್ಯೂಕ್ಯಾಸಲ್‌ನ ಒಂದು ಮನೆಯಲ್ಲಿ ನಡೆದ ಸೀಮಂತದಲ್ಲಿ. ಸೀಮಂತ ಭಾವನಾಳದು. ಅವಳ ಗಂಡ ಸುಹಾಸ್‌ನ ಅಕ್ಕನೇ ಕೌಸಲ್ಯಾ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಓದಲು ಬಂದವಳು, ಓದು ಮುಗಿಸಿ ಓವರ್‌ಲೇಕಿನಲ್ಲೇ ಟೆಸ್ಟಿಂಗ್ ಕೆಲಸ ಹಿಡಿದು, ತಮ್ಮನ ಮನೆಯಲ್ಲಿ ಇದ್ದಾಳೆ ಎಂದಷ್ಟೇ ನನಗೆ ಗೊತ್ತಿತ್ತು. ಬಂಕಿನ ತಮಾಷೆ ಅವಳೂ ಕೇಳಿಸಿಕೊಂಡಳು, ನಗಲಿಲ್ಲ. ಕೋಸಂಬರಿ ಬಡಿಸುತ್ತಿದ್ದ ಚಮಚ ಹಿಡಿದುಕೊಂಡೇ ನನ್ನನ್ನು ಮನೆಯ ಹಿಂದಿನ ಡೆಕ್ಕಿಗೆ ಕರೆದುಕೊಂಡು ಹೋದಳು.

"ವಿಜಯಕ್ಕ, ನೀವು ಬರೀತಿರೋ ಕಾನೂನಲ್ಲಿ ಆ ಎರಡು ಗೇಟಿನ ಮಧ್ಯದ ರಸ್ತೆ ಯಾರದು ಅಂತ ಬರ್ದಿದೀರಾ?"

ಯಾವ ಗೇಟು, ಯಾವ ರಸ್ತೆ ಎಂದು ಕೇಳಿದೆ. ಹೇಳಿದಳು. ಅವಳ ಗಂಡ ತ್ರಿವಿಕ್ರಮ, ನಮ್ಮ ಮೈಸೂರಿನವನೇ, ಮೇಲಿನ ದೇಶದ ಒಂದು ಎಣ್ಣೆ ಡಿಪೋದಲ್ಲಿ ಅಧಿಕಾರಿಯಾಗಿದ್ದ, ಹೆಂಡತಿ ಮಗಳ ಜೊತೆ ಅಲ್ಲೇ ಮನೆ ಮಾಡಿದ್ದ. ಟ್ಯಾಂಕರುಗಳ ಸಾಲನ್ನು ಗಡಿ ದಾಟಿಸಿ ಬರುವುದು ಅವನ ಕೆಲಸ. ಆ ಗಡಿ ಎಂದರೆ ಒಂದು ಗೆರೆಯಲ್ಲ. ಮೇಲಿನ ದೇಶದ ಗೇಟು ಈ ಕಡೆ, ಕೆಳಗಿನ ದೇಶದ ಗೇಟು ಆ ಕಡೆ, ನಡುವೆ ಸಾಕಷ್ಟು ಉದ್ದದ ಒಂದು ರಸ್ತೆ. ಹೊರಗೆ ಹೋಯಿತೆಂದು ಮೇಲಿನವರು ಮುದ್ರೆ ಒತ್ತಿದರೆ ಅವರ ಹೊಣೆ ಮುಗಿಯಿತು. ಒಳಗೆ ಬಂತೆಂದು ಕೆಳಗಿನವರು ಮುದ್ರೆ ಒತ್ತಿದ ಮೇಲೆ ಅವರ ಹೊಣೆ ಶುರು. ನಡುವಿನ ರಸ್ತೆಯಲ್ಲಿ ಟ್ಯಾಂಕರುಗಳು ಯಾವ ಕಾನೂನೂ ಇಲ್ಲದೆ ದಿನಗಟ್ಟಲೆ ಕಾಯುತ್ತಿದ್ದವು. 2010ರ ಯುಗಾದಿಯ ದಿನ ಅಲ್ಲೊಂದು ಟ್ಯಾಂಕರು ಸೋರಿ ಬೆಂಕಿ ಹತ್ತಿತು. ತ್ರಿವಿಕ್ರಮ ತನ್ನ ಜೀಪಿನಲ್ಲಿ ಅದೇ ರಸ್ತೆಯಲ್ಲಿದ್ದ.

"ಎರಡು ಕಡೆಯಿಂದಾನೂ ಫೈರ್ ಇಂಜಿನ್ ಬಂತು ಅಕ್ಕ," ಎಂದಳು ಕೌಸಲ್ಯಾ. "ಅವ್ರವ್ರ ಗೇಟಿನ ತನಕ. ಪರ್ಮಿಷನ್ ಇಲ್ದೆ ಆಚೆ ಹೋಗೋ ಹಾಗಿಲ್ಲ ಅಂತ ಎರಡೂ ಅಲ್ಲೇ ನಿಂತ್ವು. ನೀರು ತುಂಬ್ಕೊಂಡು ನಿಂತಿದ್ವು. ನಮ್ಮವ್ರು ಒಳಗಿರೋದು ಎರಡೂ ಕಡೆಯೋರಿಗೂ ಕಾಣ್ತಿತ್ತಂತೆ."

ನಾನು ಆಮೇಲೇನಾಯಿತು ಎಂದು ಕೇಳಿದೆ.

"ಇದು ನಮ್ಮ ಗಡಿಯೊಳಗೆ ಆಗಿದ್ದಲ್ಲ ಅಂದ್ರು ಮೇಲಿನ ದೇಶದೋರು. ನಮ್ಮದೂ ಅಲ್ಲ ಅಂದ್ರು ಕೆಳಗಿನೋರು. ತನಿಖೇನೇ ಆಗ್ಲಿಲ್ಲ. ಯಾಕೆ ಸೋರ್ತು, ಪರ್ಮಿಷನ್ ಯಾರು ಕೊಡ್ಬೇಕಿತ್ತು, ಯಾಕೆ ಕೊಡ್ಲಿಲ್ಲ, ಯಾರನ್ನ ಕೇಳ್ಲಿ? ಆ ರಸ್ತೆಗೊಬ್ಬ ಯಜಮಾನ ಅಂತ ಇದ್ರೆ ತಾನೆ ಕೇಳೋದು?" ಅವಳು ಚಮಚವನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು. "ಲಾಸ್ಟ್ ಫೋನಲ್ಲಿ, ಇಟ್ ಈಸ್ ಲೇಟ್, ಐ ಆ್ಯಮ್ ಕಮಿಂಗ್ ಅಂದ್ರು. ಹಬ್ಬದ ದಿನ ನೋಡಿ, ಮನೆಗೆ."

ಬಾಗಿಲ ಬಳಿ ಪಾಯಸದ ಲೋಟ ಹಿಡಿದು ಒಬ್ಬಳು ಹುಡುಗಿ ನಿಂತಿದ್ದಳು. ಅವಳೇ ಮಗಳು ಕವನಾ. ತಂದೆ ಹೋದಾಗ ಆರು ವರ್ಷದವಳು. "ಹಿ ವಾಸ್ ಆಲ್ಮೋಸ್ಟ್ ಹೋಮ್," ಎಂದು ನನಗೆ ತಿಳಿಸಿ ಒಳಗೆ ಹೋದಳು.

ಆ ರಸ್ತೆಯ ಬಗ್ಗೆ ನಮ್ಮ ಕರಡಿನಲ್ಲಿ ಒಂದು ಸಾಲೂ ಇರಲಿಲ್ಲ. ನಕ್ಷೆಯಲ್ಲಿ ಎರಡು ದೇಶಗಳ ನಡುವೆ ಕಾಣುವುದು ಒಂದು ಗೆರೆ ಮಾತ್ರ, ಕರಡು ಬರೆಯುವ ನಾವು ನಕ್ಷೆ ನೋಡಿ ಬರೆಯುವ ಜನ. ಅವಳಿಗೆ ಮುಖ ತೋರಿಸಲು ನನಗೆ ನಾಚಿಕೆಯಾಯಿತು. ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಕರಡಿನಲ್ಲಿ ಆ ರಸ್ತೆಗೊಂದು ಕಲಮು ಬರೆಯುವುದು ಕಷ್ಟವಿರಲಿಲ್ಲ. ನಮ್ಮ ಡೈರೆಕ್ಟರನ್ನು ಒಪ್ಪಿಸಲು ಚಳಿಗಾಲವೆಲ್ಲ ಬೇಕಾಯಿತು, ಅದು ಬೇರೆ ವಿಷಯ. ನಾನು ಬರೆದದ್ದು ಇಷ್ಟೇ: ಎಣ್ಣೆಯ ವಾಹನ ಯಾವ ದೇಶದ ಗೇಟಿನಿಂದ ಹೊರಟಿತೋ, ಎದುರಿನ ಗೇಟು ಮುಟ್ಟುವವರೆಗೆ ಅದೂ ಅದರ ಜೊತೆಗಿರುವ ಜನರೂ ಆ ದೇಶದ ಹೊಣೆ. ಬೆಂಕಿ ಬಿದ್ದರೆ ಯಾರ ಅಗ್ನಿಶಾಮಕ ವಾಹನ ಹತ್ತಿರವಿದೆಯೋ ಅದು ಯಾರನ್ನೂ ಕೇಳದೆ ಒಳಗೆ ನುಗ್ಗಬಹುದು. ಕೊನೆಗೆ ಒಂದು ಸಾಲು ಸೇರಿಸಿದೆ. ಈ ರಸ್ತೆಯಲ್ಲಿ ಹಿಂದೆ ಆಗಿ ತನಿಖೆಯಾಗದೆ ಉಳಿದ ಪ್ರಕರಣವಿದ್ದರೆ ಅದನ್ನೂ ಇದೇ ಲೆಕ್ಕದಲ್ಲಿ, ಸತ್ತವರು ಯಾವ ಗೇಟಿನಿಂದ ಹೊರಟಿದ್ದರೋ ಆ ದೇಶ ಕೈಗೆತ್ತಿಕೊಳ್ಳಬೇಕು. ಅಂಥ ಪ್ರಕರಣ ಇದ್ದದ್ದು ಒಂದೇ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

2014ರ ವಸಂತದಲ್ಲಿ ನಾಲ್ಕೂ ದೇಶದವರು ಕರ್ಕ್‌ಲ್ಯಾಂಡಿಗೆ ಬಂದರು. ಹೊರಗೆ ಜಿನುಗು ಮಳೆ, ಒಳಗೆ ಹೀಟರು, ಬಂದವರೆಲ್ಲ ಕೋಟು ಬಿಚ್ಚದೆ ಕೂತಿದ್ದರು. ಮೇಲಿನ ದೇಶದಿಂದ ಒಬ್ಬ ವಕೀಲೆ ಬಂದಿದ್ದರು, ನನ್ನ ವಯಸ್ಸಿನವರು, ಕಡಿಮೆ ಮಾತು. ಕೆಳಗಿನ ದೇಶದಿಂದ ಬಂದ ವಕೀಲರು ಹಿರಿಯರು, ತುಂಬ ಸೌಜನ್ಯದವರು. ಇಲ್ಲ ಎನ್ನುವ ಮೊದಲು ಎರಡು ಸಲ ಧನ್ಯವಾದ ಹೇಳುವವರು. ವಾಲ್ವು, ತರಬೇತಿ, ಟ್ಯಾಂಕಿನ ದಪ್ಪ ಎಲ್ಲ ಹೇಗೋ ದಾಟಿತು. ನನ್ನ ಕಲಮು ಬಂದಾಗ ಇಬ್ಬರೂ ತಲೆಯಾಡಿಸಿದರು. ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷ ಕಾಫಿ ಬರುವ ತನಕವೂ ಉಳಿಯಲಿಲ್ಲ.

"ಹಾಗಾದರೆ ಆ ಹಳೆಯ ಪ್ರಕರಣ ನಿಮ್ಮದು," ಎಂದರು ಮೇಲಿನ ದೇಶದ ವಕೀಲೆ.

"ಧನ್ಯವಾದ. ಅದು ಹೇಗೆ? ಆತ ಹೊರಟಿದ್ದು ನಿಮ್ಮ ಗೇಟಿನಿಂದ," ಎಂದರು ಕೆಳಗಿನವರು.

"ಹೊರಟಿದ್ದು ನಮ್ಮ ಗೇಟಿನಿಂದಲೇ. ಆದರೆ ನಿಮ್ಮ ಗೇಟಿನವರೆಗೆ ಹೋಗಿ ವಾಪಸು ತಿರುಗಿದ್ದ. ನಿಮ್ಮ ಕಡೆಯಿಂದ ನಮ್ಮ ಕಡೆಗೆ ಬರುತ್ತಿದ್ದ."

ಜೀಪು ಸುಟ್ಟು ರಸ್ತೆಗೆ ಅಡ್ಡವಾಗಿ ನಿಂತಿತ್ತು, ಅದರಿಂದ ದಿಕ್ಕು ತಿಳಿಯುವಂತಿರಲಿಲ್ಲ. ಓಡಿಹೋದ ಡ್ರೈವರುಗಳನ್ನು ಯಾರೂ ಹುಡುಕಿ ಕೇಳಿರಲಿಲ್ಲ. ಇದ್ದದ್ದು ಒಂದೇ ಆಧಾರ. ಬೆಂಕಿ ಹತ್ತುವುದಕ್ಕೆ ಸ್ವಲ್ಪ ಮೊದಲು ಆತ ಹೆಂಡತಿಗೆ ಫೋನ್ ಮಾಡಿದ್ದ, ಆತ ಹೇಳಿದ್ದನ್ನು ಹೆಂಡತಿಯೇ ಪೊಲೀಸರಿಗೆ ತಿಳಿಸಿದ್ದಳು. ವಕೀಲೆ ಅದನ್ನು ಓದಿದರು: ಇಟ್ ಈಸ್ ಲೇಟ್, ಐ ಆ್ಯಮ್ ಕಮಿಂಗ್. ಆತನ ಮನೆ ಇದ್ದದ್ದು ಮೇಲಿನ ದೇಶದಲ್ಲಿ, ಬರುತ್ತಿದ್ದೇನೆ ಎಂದರೆ ಅತ್ತ ಕಡೆಗೇ ಎಂಬುದು ಅವರ ವಾದ.

ಇಂಗ್ಲಿಷಿನಲ್ಲಿ ಓದಿದ್ದು ನನ್ನ ತಲೆಯಲ್ಲಿ ಕನ್ನಡವಾಗಿ ಕೇಳಿಸಿತು. ಸೀಮಂತದ ದಿನ ಕೌಸಲ್ಯಾ ಇದೇ ಇಂಗ್ಲಿಷನ್ನು ಹೇಳಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ನಾವೆಲ್ಲ ಅರ್ಧ ಇಂಗ್ಲಿಷಿನಲ್ಲೇ ಮಾತಾಡುವವರು, ಗಂಡನೂ ಹಾಗೇ ಅಂದಿರಬೇಕು ಎಂದುಕೊಂಡಿದ್ದೆ. ಹಾಗೆ ಅಂದಿರಲಾರ. ಮೈಸೂರಿನ ಹುಡುಗ, ಹೆಂಡತಿಗೆ ಫೋನ್ ಮಾಡಿ, ಹೊತ್ತಾಯಿತು ಎಂದ ಮೇಲೆ ಅವನ ಬಾಯಲ್ಲಿ ಬರುವ ಮುಂದಿನ ಪದ ನನಗೆ ಗೊತ್ತು. ಈ ಕೋಣೆಯಲ್ಲಿ ಅದು ಗೊತ್ತಿರುವವಳು ನಾನೊಬ್ಬಳೇ. ಹೊರಡುವಾಗ ಹೋಗುತ್ತೇನೆ ಎನ್ನುವುದು ನಮ್ಮಲ್ಲಿ ಅಪಶಕುನ. ಹೊರಡುವವರು ಹೇಳುವುದೇ ಬರ್ತೀನಿ ಎಂದು.

ವಾದ ಊಟದವರೆಗೂ ಎಳೆಯಿತು. ಕೊನೆಗೆ ಕೆಳಗಿನ ದೇಶದ ಹಿರಿಯರು, ಇಷ್ಟು ತೊಡಕಿರುವ ಕಲಮನ್ನು ಕೈಬಿಟ್ಟು ಉಳಿದದ್ದಕ್ಕೆ ಸಹಿ ಮಾಡೋಣ ಎಂದರು. ಮೇಲಿನವರೂ ಹೂಂ ಎಂದರು. ಜಗಳವಾಡುವವರು ಒಂದಾಗುವುದು ಯಾವಾಗಲೂ ಇಂಥದ್ದಕ್ಕೇ. ನನಗೆ ರೇಗಿತು. ಆ ಹೇಳಿಕೆಯ ಅನುವಾದದ ಬಗ್ಗೆ ನನಗೊಂದು ಅನುಮಾನವಿದೆ, ಹೇಳಿಕೆ ಕೊಟ್ಟವರು ಇಲ್ಲೇ ಕಾರಿನಲ್ಲಿ ಹೋಗುವಷ್ಟು ಹತ್ತಿರ ಇದ್ದಾರೆ, ನಾಳೆ ಬೆಳಿಗ್ಗೆಯವರೆಗೆ ಕಾಯಿರಿ ಎಂದೆ. ಕಾಯುತ್ತೇವೆ, ನಾಳೆ ಇತ್ಯರ್ಥವಾಗದಿದ್ದರೆ ಕಲಮು ಇಲ್ಲ ಎಂದರು.

ಮಧ್ಯಾಹ್ನವೇ ಫೋರ್-ಓ-ಫೈವ್ ಹೆದ್ದಾರಿ ಹಿಡಿದು ನ್ಯೂಕ್ಯಾಸಲ್ಲಿಗೆ ಹೋದೆ. ಕೌಸಲ್ಯಾ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಭಾವನಾ ಮಗುವನ್ನು ಮಲಗಿಸಲು ಮೇಲೆ ಹೋಗಿದ್ದಳು. ಕೌಸಲ್ಯಾ ಕಾಫಿ ಕೊಟ್ಟು ಎದುರಿಗೆ ಕೂತಳು. ನಡೆದದ್ದನ್ನೆಲ್ಲ ಹೇಳಿದೆ.

"ಕೌಸಲ್ಯಾ, ಅವತ್ತು ಫೋನಲ್ಲಿ ಅವರು ಏನಂದ್ರು? ಅವರ ಬಾಯಲ್ಲಿ ಹೇಗೆ ಬಂತೋ ಹಾಗೇ ಹೇಳಿ."

ಕಾಫಿ ಆರಿತು. ಆಮೇಲೆ, ಯಾರೋ ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡಾರು ಎನ್ನುವ ಹಾಗೆ ಹೇಳಿದಳು.

"ಹೊತ್ತಾಯ್ತು, ಬರ್ತೀನಿ."

ನಾನು ಲೋಟ ಕೆಳಗಿಟ್ಟೆ.

"ನಂಗೆ ಗೊತ್ತಿಲ್ವಾ ಅಕ್ಕ?" ಎಂದಳು. "ಬರ್ತಾ ಇದ್ದಿದ್ರೆ ಬರ್ತಾ ಇದೀನಿ ಅಂತಿದ್ರು. ಇಲ್ಲ ಅಂದ್ರೆ ಬಂದ್ಬಿಡ್ತೀನಿ ಅಂತಿದ್ರು. ಅವತ್ತು ಪೊಲೀಸಿನೋನು ಏನಂದ್ರು ಅಂತ ಕೇಳ್ದ. ನಂಗೆ ಬುದ್ಧಿ ನೆಟ್ಟಗಿರ್ಲಿಲ್ಲ. ಒಂದೊಂದೇ ಪದ ಇಂಗ್ಲಿಷ್ ಮಾಡ್ಕೊಟ್ಟೆ. ಅವ್ನು ಬರ್ಕೊಂಡು ವಾಪಸ್ ಓದಿ ತೋರಿಸ್ದ. ಹಾಗೆ ಓದ್ದಾಗ ಅವ್ರು ಬರ್ತಾ ಇದ್ರು ಅನ್ನೋ ಹಾಗಿತ್ತು. ಚೆನ್ನಾಗಿತ್ತು ಕೇಳೋಕೆ. ಸೈನ್ ಮಾಡ್ದೆ. ಕವನಾಗೂ ಅದನ್ನೇ ಹೇಳ್ದೆ. ಅವ್ರ ಮಾತನ್ನ ಅವ್ರ ಥರ ಕನ್ನಡದಲ್ಲಿ ಒಂದ್ಸಲಾನೂ ಯಾರಿಗೂ ಹೇಳಿಲ್ಲ. ಇವತ್ತು ನೀವು ಕೇಳಿದ್ರಿ."

"ಇದನ್ನ ನಾಳೆ ಅಲ್ಲಿ ಬಂದು ಹೇಳ್ಬೇಕು."

"ನಾನು ಬರಲ್ಲ."

"ಕೌಸಲ್ಯಾ..."

"ಬರಲ್ಲ ಅಕ್ಕ. ನಂಗೆ ಇರೋದು ಅದೊಂದೇ ಮಾತು. ಆ ಹುಡುಗಿ ಅಪ್ಪ ನಮ್ಮ ಹತ್ರ ಬರ್ತಾ ಇದ್ರು ಅನ್ನೋದನ್ನ ನಂಬ್ಕೊಂಡು ಬೆಳೀತಿದಾಳೆ. ಸ್ಕೂಲಲ್ಲಿ ಬರ್ದಿದಾಳೆ ಅದನ್ನ. ನಾನು ಹೋಗಿ ಇಲ್ಲ, ನಿಮ್ಮಪ್ಪ ಎಣ್ಣೆ ಹಿಂದೆ ಹೋಗ್ತಾ ಇದ್ದ ಅನ್ನಬೇಕಾ? ಬೇಡ. ಆ ಕಲಮು ಬೇಡ, ಬಿಟ್ಬಿಡಿ."

ನನಗೆ ಸಿಟ್ಟು ಬಂತು. ಇಡೀ ಚಳಿಗಾಲ ಈ ಕಲಮಿಗಾಗಿ ಡೈರೆಕ್ಟರ ಕೈಲಿ ಬೈಸಿಕೊಂಡಿದ್ದೆ. ಕೇಳಿದವರು ನೀವೇ ಅಲ್ಲವೇ, ಯಜಮಾನ ಬೇಕು ಎಂದವರು ನೀವೇ ಅಲ್ಲವೇ ಎಂದು ಒರಟಾಗಿಯೇ ಅಂದೆ. ಅಂದ ತಕ್ಷಣ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಗಂಡನ ಕೊನೆಯ ಮಾತನ್ನು ಹೆಂಡತಿಯಿಂದ ಕಿತ್ತುಕೊಳ್ಳಲು ನಾನು ಯಾರು? ಕ್ಷಮಿಸಿ ಎಂದು ಎದ್ದೆ. ಅವಳು ಬಾಗಿಲವರೆಗೆ ಬಂದಳು.

"ಆ ರಸ್ತೇಲಿ ಈಗ್ಲೂ ಟ್ಯಾಂಕರ್ ನಿಲ್ಲುತ್ತಾ ಅಕ್ಕ?"

"ನಿಲ್ಲುತ್ತೆ."

"ಡ್ರೈವರ್‌ಗಳು ಎಲ್ಲಿರ್ತಾರೆ?"

"ಅಲ್ಲೇ. ಟ್ಯಾಂಕರ್ ಕೆಳಗೆ ನೆರಳಲ್ಲಿ ಮಲಗ್ತಾರೆ. ಅಲ್ಲೇ ಪಕ್ಕದಲ್ಲಿ ಒಲೆ ಹೂಡಿ ಅಡಿಗೆ ಮಾಡ್ಕೊಳ್ತಾರಂತೆ."

ನಾನು ಕಲಮಿನ ಆಸೆ ಬಿಟ್ಟು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದರೆ ಕೌಸಲ್ಯಾ ರಿಸೆಪ್ಷನ್ನಿನಲ್ಲಿ ಕೂತಿದ್ದಳು. ನ್ಯೂಕ್ಯಾಸಲ್ಲಿನಿಂದ ಬಸ್ಸು ಬದಲಾಯಿಸಿಕೊಂಡು ಬಂದಿದ್ದಳು. ಕಾರು ಓಡಿಸುವ ಧೈರ್ಯವಾಗಲಿಲ್ಲ ಎಂದಳು. ರೇಷ್ಮೆಯಲ್ಲದ ಒಂದು ಒಳ್ಳೆಯ ಸೀರೆ ಉಟ್ಟು ಅದರ ಮೇಲೆ ಮಳೆಯ ಜಾಕೆಟ್ಟು ಹಾಕಿದ್ದಳು. ನಾನು ಒಳಗೆ ಕರೆದುಕೊಂಡು ಹೋದೆ.

ಅವಳು ಇಂಗ್ಲಿಷಿನಲ್ಲೇ ಮಾತಾಡಿದಳು, ನಿಧಾನವಾಗಿ. ತಾನು ಅಂದು ಪೊಲೀಸರಿಗೆ ಹೇಳಿದ್ದು ಪದಕ್ಕೆ ಪದ ಸರಿ, ಅರ್ಥ ತಪ್ಪು ಎಂದಳು. ಗಂಡ ಆಡಿದ ಎರಡು ಪದಗಳನ್ನು ಕನ್ನಡದಲ್ಲಿ ಹೇಳಿದಳು. ನಮ್ಮ ಭಾಷೆಯಲ್ಲಿ ಹೋಗುವವರು ಬರುತ್ತೇನೆ ಎನ್ನುತ್ತಾರೆ ಎಂದಳು. ಸರಿಯೇ ಎಂದು ಕೆಳಗಿನ ದೇಶದ ಹಿರಿಯರು ನನ್ನನ್ನು ಕೇಳಿದರು. ಸರಿ ಎಂದೆ. ಆ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ಈ ಸಲ ಮನಸ್ಸಿಟ್ಟೇ ಧನ್ಯವಾದ ಹೇಳಿದರು. ಹೊಣೆ ಅವರ ಮೇಲಿಂದ ಇಳಿದುಹೋಗಿತ್ತಲ್ಲ.

ಮೇಲಿನ ದೇಶದ ವಕೀಲೆ ಅಷ್ಟು ಸುಲಭವಾಗಿ ಬಿಡುವವರಲ್ಲ. ಬಿಡಲೂಬಾರದು, ಅದು ಅವರ ಕೆಲಸ. "ಅಮ್ಮಾ, ನಮ್ಮ ಹಳ್ಳಿಯಲ್ಲೂ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ," ಎಂದರು. "ಆದರೆ ಅದು ಬಾಗಿಲಲ್ಲಿ ನಿಂತು ಹೇಳುವ ಮಾತು. ನಿಮ್ಮ ಗಂಡ ಬೆಳಿಗ್ಗೆಯೇ ಮನೆಯಿಂದ ಹೊರಟವರು. ನಮ್ಮ ಗೇಟಿನಲ್ಲಿ ನಿಂತು, ಫೋನ್ ಮಾಡಿ, ಮತ್ತೆ ಅದನ್ನೇ ಯಾಕೆ ಹೇಳುತ್ತಾರೆ?"

ಪ್ರಶ್ನೆ ನ್ಯಾಯವಾದದ್ದು. ಕೌಸಲ್ಯಾ ನನ್ನ ಕಡೆ ನೋಡಿದಳು.

"ಬೆಳಿಗ್ಗೆ ಅವರು ಹೇಳದೆ ಹೋಗಿದ್ದರು," ಎಂದಳು ಕೌಸಲ್ಯಾ.

ಯುಗಾದಿ ಎಂದು ಅವಳು ಬೆಳಿಗ್ಗೆಯೇ ಅಡಿಗೆ ಮುಗಿಸಿ ಎಲೆ ಹಾಕಿದ್ದಳಂತೆ. ಆ ಊರಿನಲ್ಲಿ ಬಾಳೆಲೆಗೆ ಬರವಿಲ್ಲ. ತ್ರಿವಿಕ್ರಮ ಕೂತ. ಡಿಪೋದಿಂದ ಫೋನು ಬಂತು, ಟ್ಯಾಂಕರುಗಳು ಗೇಟಿನಲ್ಲಿ ಸಿಕ್ಕಿಕೊಂಡಿವೆ ಎಂದು. ಬಡಿಸುವ ಮೊದಲೇ ಎದ್ದ. ಹಬ್ಬದ ದಿನ ಎಲೆ ಮುಂದಿನಿಂದ ಏಳುತ್ತೀರಲ್ಲ ಎಂದು ಇವಳು ಶುರು ಮಾಡಿದಳು. ಮಾತಿಗೆ ಮಾತು ಬೆಳೆಯಿತು. ಆ ಟ್ಯಾಂಕರನ್ನೇ ಕಟ್ಟಿಕೊಳ್ಳಬೇಕಾಗಿತ್ತು, ನನ್ನನ್ನು ಯಾಕೆ ಕಟ್ಟಿಕೊಂಡಿರಿ ಎಂದಳು. ಅವನು ಚಪ್ಪಲಿ ಮೆಟ್ಟಿ, ಯಾವತ್ತೂ ಹೇಳುವ ಮಾತನ್ನು ಹೇಳದೆ ಹೋಗಿಬಿಟ್ಟ. ಮದುವೆಯಾದ ಮೇಲೆ ಹಾಗೆ ಹೋದದ್ದು ಅದೇ ಮೊದಲು.

"ಅದಕ್ಕೇ ಗೇಟು ದಾಟುವ ಮೊದಲು ಫೋನ್ ಮಾಡಿದರು. ಬೇರೆ ಏನೂ ಮಾತಾಡಲಿಲ್ಲ. ಅದನ್ನು ಹೇಳುವುದಕ್ಕೆ ಅಷ್ಟೇ ಮಾಡಿದ್ದು," ಎಂದಳು.

ಮೇಲಿನ ದೇಶದ ವಕೀಲೆ ತಮ್ಮ ಮುಂದಿದ್ದ ಕಡತವನ್ನು ಮುಚ್ಚಿದರು. ವಾದಿಸುವುದಕ್ಕೆ ಅವರಿಗೆ ಇನ್ನೂ ದಾರಿಗಳಿದ್ದವು, ಒಂದೆರಡು ನನಗೇ ಹೊಳೆದಿದ್ದವು. ಅವರು ವಾದಿಸಲಿಲ್ಲ. "ಆತ ಹೊರಟಿದ್ದ ಎಂದು ಬರೆದುಕೊಳ್ಳಿ," ಎಂದರು. "ನಮ್ಮ ಗೇಟಿನಿಂದ ಹೊರಟಿದ್ದ. ಪ್ರಕರಣ ನಮ್ಮದು." ಆಮೇಲೆ ಎದ್ದು ಬಂದು ಕೌಸಲ್ಯಾಳ ಎರಡೂ ಕೈ ಹಿಡಿದುಕೊಂಡರು. ಪರದೇಶದ ಆ ಹೆಂಗಸಿನ ಬಗ್ಗೆ ನನಗೆ ಅಂದು ಹುಟ್ಟಿದ ಗೌರವ ಇವತ್ತಿಗೂ ಇದೆ.

ಕಲಮು ಉಳಿಯಿತು. ಮೇಲಿನ ದೇಶ ತನಿಖೆ ನಡೆಸಿತು. ಸೋರಿದ್ದು ಮೇಲಿನವರು ಸರಿ ಎಂದು ಬಿಟ್ಟಿದ್ದ ಒಂದು ಹಳೆಯ ವಾಲ್ವು. ಮೇಲಿನ ಗೇಟಿನ ಅಗ್ನಿಶಾಮಕದವರು ಅನುಮತಿ ಕೇಳಿ ಎದುರಿನ ಗೇಟಿಗೆ ಫೋನ್ ಮಾಡುತ್ತಲೇ ಇದ್ದರು. ಅತ್ತ ಅವರೂ ಇದೇ ಅನುಮತಿಗಾಗಿ ಇವರಿಗೆ ಮಾಡುತ್ತಿದ್ದರು. ಹಾಗಾಗಿ ಎರಡು ಕಡೆಗೂ ಲೈನು ಬಿಜಿ ಬಂತು. ಇದನ್ನು ತಿಳಿದ ದಿನ ನಾನು ಆಫೀಸಿನ ಬಾತ್‌ರೂಮಿನಲ್ಲಿ ನಿಂತು ಅತ್ತೆ. ಹೊಸ ಕಾನೂನಿಗೆ ನಾಲ್ಕರಲ್ಲಿ ಮೂರು ದೇಶಗಳು ಸಹಿ ಹಾಕಿವೆ, ನಾಲ್ಕನೆಯದು ಇನ್ನೂ ಯೋಚಿಸುತ್ತಿದೆ. ಆದರೆ ಇವೆಲ್ಲ ಆಮೇಲಿನ ಮಾತು. ಹೇಳಬೇಕಾದದ್ದು ಆ ದಿನ ಮಧ್ಯಾಹ್ನದ್ದು.

ಅಂದು ನಾನೇ ಕೌಸಲ್ಯಾಳನ್ನು ಮನೆಗೆ ಬಿಡಲು ಹೋದೆ. ಕವನಾ ಆಗಷ್ಟೇ ಸ್ಕೂಲ್ ಬಸ್ಸಿನಿಂದ ಇಳಿದು ಬಂದು, ಅಡಿಗೆಮನೆಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದಳು. ಅಮ್ಮ ಹೋದ ಕೆಲಸ ಅವಳಿಗೆ ಗೊತ್ತಿತ್ತು. ಅಪ್ಪ ಮನೆಗೆ ಬರುತ್ತಿದ್ದರು ಎಂದು ಅವರೆಲ್ಲ ನಂಬಿದರೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಕೌಸಲ್ಯಾ ಜಾಕೆಟ್ಟು ಬಿಚ್ಚದೆ ಅವಳ ಪಕ್ಕದಲ್ಲಿ ಕೂತಳು.

"ಅಪ್ಪ ಬರ್ತಾ ಇರ್ಲಿಲ್ಲ ಪುಟ್ಟ. ಹೋಗ್ತಾ ಇದ್ರು."

"ಬಟ್ ಯೂ ಸೆಡ್..."

"ಹೇಳಿದ್ದೆ. ಇಂಗ್ಲಿಷಲ್ಲಿ ಹೇಳಿದ್ದೆ. ಅಪ್ಪ ಇಂಗ್ಲಿಷಲ್ಲಿ ಮಾತಾಡಿರ್ಲಿಲ್ಲ." ಕೌಸಲ್ಯಾ ಮಗಳ ತಟ್ಟೆಯ ಅಂಚನ್ನು ಹಿಡಿದುಕೊಂಡಳು. "ಹೊತ್ತಾಯ್ತು, ಬರ್ತೀನಿ ಅಂದ್ರು."

ಕವನಾ ಕನ್ನಡ ಆಡುವುದಿಲ್ಲ, ಆದರೆ ಅರ್ಥವಾಗದ್ದು ಯಾವುದೂ ಇಲ್ಲ. ಅವಳ ಮುಖದಲ್ಲಿ ಅದು ಇಳಿಯುವುದನ್ನು ನಾನು ನೋಡಿದೆ. ನೋಡಲಾಗಲಿಲ್ಲ, ಆದರೂ ನೋಡಿದೆ.

"ಲೈಕ್ ಸುಹಾಸ್ ಮಾಮಾ?" ಎಂದಳು. "ವೆನ್ ಹಿ ಲೀವ್ಸ್ ಫಾರ್ ವರ್ಕ್?"

"ಹೂಂ. ಮಾಮ ದಿನಾ ಹೇಳೋ ಹಾಗೇ."

ಹುಡುಗಿ ಚಮಚ ಕೆಳಗಿಟ್ಟಳು. ಆ ಮನೆಯಲ್ಲಿ ಪ್ರತಿ ಬೆಳಿಗ್ಗೆ ಸುಹಾಸ್ ಹಾಗೆ ಹೇಳಿದಾಗ ಒಳಗಿನಿಂದ ಯಾರಾದರೂ ಒಬ್ಬರು ಉತ್ತರ ಕೊಡುತ್ತಾರೆ, ಅದು ಕೊಡದೆ ಯಾರನ್ನೂ ಕಳಿಸುವುದಿಲ್ಲ. ಅವಳಿಗೆ ಸಹಜವಾಗಿಯೇ ಮುಂದಿನ ಪ್ರಶ್ನೆ ಬಂತು.

"ಸೋ ಯೂ ಸೆಡ್ 'ಹೋಗ್ಬನ್ನಿ'?"

ಅವಳು ಕೇಳಿದ್ದು ಅಮ್ಮನಿಗೆ ಸಮಾಧಾನವಾಗಲಿ ಎಂದೇ. ಕೌಸಲ್ಯಾ ತಟ್ಟೆಯ ಅಂಚು ಬಿಟ್ಟಳು. ಅವಳಿಗೆ ಆ ಇಂಗ್ಲಿಷ್ ವಾಕ್ಯ ಯಾಕೆ ಅಷ್ಟು ಬೇಕಾಗಿತ್ತೆಂದು ನನಗೆ ಗೊತ್ತಾದದ್ದು ಆಗ. ಬರುತ್ತಿರುವ ಮನುಷ್ಯನಿಗೆ ಯಾರೂ ಏನೂ ಉತ್ತರ ಕೊಡಬೇಕಾಗಿಲ್ಲ.

"ಇಲ್ಲ ಕಣೆ," ಎಂದಳು ಮಗಳಿಗೆ. "ಹೇಳ್ಲಿಲ್ಲ. ನಂಗಿನ್ನೂ ಕೋಪ ಇತ್ತು. ಬರ್ತೀನಿ ಅಂದು ಸ್ವಲ್ಪ ಹೊತ್ತು ಹಾಗೇ ಲೈನಲ್ಲಿದ್ರು. ನಾನು ಹೇಳ್ತೀನಿ ಅಂತ ಕಾಯ್ತಿದ್ರು. ಕಾಯ್ತಿದಾರೆ ಅಂತ ಗೊತ್ತಿತ್ತು. ಗೊತ್ತಿದ್ದೂ ಫೋನ್ ಇಟ್ಟೆ."